ನಾನೇ ಟೈಪ್ ಮಾಡಿದ ಬಿಡುಗಡೆ ಪತ್ರ

ನನ್ನ ಬಿಡುಗಡೆ ಪತ್ರವನ್ನು ನಾನೇ ಟೈಪ್ ಮಾಡಿದೆ. ಬೇರೆ ಯಾರಾದರೂ ಮಾಡಿದ್ದರೆ ಇವತ್ತು ಅವರನ್ನು ಬಾಯಿಗೆ ಬಂದಂತೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಭಾಗ್ಯವೂ ನನಗಿಲ್ಲ.

ಕುಶಾಲನಗರದಲ್ಲಿ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ ನನ್ನ ಕೆಲಸ. ಅಂಗಡಿ ಎಂದರೆ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರು ಕೂರಲು ಒಂದು ಬೆಂಚು, ಅಷ್ಟೇ. ಕ್ರಯಪತ್ರ, ಬಾಡಿಗೆ ಕರಾರು, ಶುಂಠಿ ಬೆಳೆಯಲು ಗದ್ದೆ ಗುತ್ತಿಗೆ ಕೊಡುವ ಪತ್ರ, ಹೆಸರು ತಿದ್ದುಪಡಿಯ ಅಫಿಡವಿಟ್, ಎಲ್ಲವೂ ನನ್ನ ಕೈಯಿಂದಲೇ ಹೊರಗೆ ಹೋಗಬೇಕು. ಈ ಕೆಲಸದಲ್ಲಿ ಯಾರೂ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಅಂಥದ್ದೇ ಹಳೆಯ ಪತ್ರವೊಂದನ್ನು ಕಂಪ್ಯೂಟರಿನಲ್ಲಿ ತೆರೆಯುವುದು, ಹೆಸರು ಬದಲಾಯಿಸುವುದು, ಊರು ಬದಲಾಯಿಸುವುದು, ಛಾಪಾ ಕಾಗದ ಹಾಕಿ ಪ್ರಿಂಟ್ ಕೊಡುವುದು. ಹತ್ತು ನಿಮಿಷದ ಕೆಲಸ. ನನ್ನ ಹನ್ನೆರಡು ವರ್ಷದ ಹಿಂದಿನ ಕಾಗದವೂ ಹಾಗೇ ಹುಟ್ಟಿದ್ದು.

ನಮ್ಮದು ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಕುಟುಂಬ. ಗಂಡನ ಮನೆಯವರೂ ಹಾಗೇ ಬಂದವರು, ನಮಗಿಂತ ಸ್ವಲ್ಪ ಮುಂಚೆ. ನಮ್ಮ ಜನರಲ್ಲಿ ಗಂಡ ಹೆಂಡತಿ ಬಿಡುವುದೆಂದರೆ ಕೋರ್ಟಿಗೆ ಹೋಗುವುದಲ್ಲ. ಎರಡೂ ಕಡೆಯ ಹಿರಿಯರು ಒಂದು ಜಗಲಿಯ ಮೇಲೆ ಕೂರುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಾತಾಗುತ್ತದೆ. ಹೆಣ್ಣು ತಾಳಿ ಬಿಚ್ಚಿ ವೀಳ್ಯದೆಲೆಯ ಮೇಲೆ ಇಟ್ಟು ಗಂಡಿನ ಕಡೆಯವರಿಗೆ ಕೊಡುತ್ತಾಳೆ. ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರವಾಗುತ್ತದೆ, ಸಾಕ್ಷಿಗಳು ಸಹಿ ಹಾಕುತ್ತಾರೆ, ನೋಟರಿಯ ಮೊಹರು ಬೀಳುತ್ತದೆ. ಆಮೇಲೆ ಎಲ್ಲರೂ ಉಪ್ಪಿಟ್ಟು ತಿಂದು ಏಳುತ್ತಾರೆ.

ನನಗೆ ಅಪ್ಪ ಇರಲಿಲ್ಲವಾದ್ದರಿಂದ ದೊಡ್ಡಪ್ಪನೇ ಮುಂದೆ ನಿಂತು ಮಾಡಿಸಿದರು. "ಕೋರ್ಟು ಕಚೇರಿ ಅಂತ ಅಲೀಬ್ಯಾಡ ಮಗ. ಊರೋರ್ ಮುಂದೆ ಆಗ್ಲಿ, ಮರ್ವಾದಿಯಾಗಿ ಮುಗ್ದೋಯ್ತದೆ," ಎಂದರು. ನನಗೂ ಅದೇ ಬೇಕಿತ್ತು. ಆಗ ಮೂವತ್ತು ವರ್ಷ, ಮಗಳಿಗೆ ಆರು. ಗಂಡನ ಮನೆ ಬಿಟ್ಟು ಬಂದು ಆರು ತಿಂಗಳಾಗಿತ್ತು. ಗಂಡನನ್ನು ಇಲ್ಲಿ 'ಅವನು' ಎಂದೇ ಬರೆಯುತ್ತೇನೆ. ಇದ್ದಷ್ಟು ದಿನ 'ಅವರು' ಎಂದು ಕರೆದು ಸಾಕಾಗಿದೆ.

ಅವನು ಒಂದು ದಿನ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನನ್ನ ಎಡಗೈ ಇಟ್ಟು ಬಾಗಿಲು ಎಳೆದ. ಕೊನೆಯ ಎರಡು ಬೆರಳು ಮುರಿದವು. ಕಾರಣ ಹೇಳಿದರೆ ನಗು ಬರುತ್ತದೆ: ಅಂಗಡಿಯ ಸಂಬಳದಲ್ಲಿ ಅವನನ್ನು ಕೇಳದೆ ನಾನೊಂದು ಮಿಕ್ಸಿ ತಂದಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ, ಗಾಳಿಗೆ ಬಾಗಿಲು ಬಡಿಯಿತು ಎಂದೆ. ಅವನು ಪಕ್ಕದಲ್ಲೇ ಚೀಟಿ ಹಿಡಿದು ನಿಂತಿದ್ದ. ಬೆರಳು ಕೂಡಿಕೊಂಡವು, ಆದರೆ ನೆಟ್ಟಗಾಗಲಿಲ್ಲ. ಅಂದಿನಿಂದ ಎಂಟೇ ಬೆರಳಲ್ಲಿ ಟೈಪ್ ಮಾಡುತ್ತೇನೆ, ಆದರೂ ನಮ್ಮ ಬೀದಿಯಲ್ಲಿ ನನ್ನಷ್ಟು ಬೇಗ ಮಾಡುವವರು ಇಲ್ಲ.

ಬಿಡುಗಡೆ ಪತ್ರದಲ್ಲಿ ಬೆರಳಿನ ಮಾತು ಬರೆಯಬೇಕು ಎಂದು ನನಗೆ ಅನಿಸಿತ್ತು. ದೊಡ್ಡಪ್ಪ ಬೇಡ ಎಂದರು. "ಅವ್ನೂ ನಾಳೆ ಬದುಕ್ಬೇಕಲ್ವಾ. ಹೊಂದಾಣಿಕೆ ಇಲ್ಲ ಅಂತ ಬರ್ಕೋ ಸಾಕು." ಅಂಗಡಿಗೆ ಬಂದು ಕಂಪ್ಯೂಟರ್ ಆನ್ ಮಾಡಿದೆ. ಯಾವುದೋ ಹಳೆಯ ಬಿಡುಗಡೆ ಪತ್ರ ತೆರೆದೆ, ಹೆಸರು ಬದಲಾಯಿಸಿದೆ. 'ನಮ್ಮಿಬ್ಬರಲ್ಲಿ ಹೊಂದಾಣಿಕೆ ಇಲ್ಲದ ಕಾರಣ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿರುತ್ತೇವೆ' ಎಂಬುದು ಅದರಲ್ಲೇ ಇತ್ತು, ಹಾಗೇ ಬಿಟ್ಟೆ. ನಾಲ್ಕನೇ ಷರತ್ತಿನಲ್ಲಿ 'ಸದರಿ ಗಂಡು ಮಗುವಿಗೆ ಒಂದನೇ ಪಾರ್ಟಿಯವರ ಯಾವುದೇ ಆಸ್ತಿಯಲ್ಲಿ ಹಕ್ಕು ಇರುವುದಿಲ್ಲ' ಎಂದಿತ್ತು. ಒಂದನೇ ಪಾರ್ಟಿ ಎಂದರೆ ಗಂಡ. ಆ ಹಳೆಯ ಪತ್ರದವರು ಏನು ಒಪ್ಪಂದ ಮಾಡಿಕೊಂಡಿದ್ದರೋ ನನಗೆ ಗೊತ್ತಿಲ್ಲ. ನಮ್ಮ ಜಗಲಿಯಲ್ಲಿ ಮಗಳ ಆಸ್ತಿಯ ಮಾತನ್ನು ಯಾರೂ ಎತ್ತಿರಲೇ ಇಲ್ಲ. ಆದರೂ ನಾನು ಗಂಡು ಎಂಬುದನ್ನು ಅಳಿಸಿ ಹೆಣ್ಣು ಎಂದು ತಿದ್ದಿ ಮುಂದಕ್ಕೆ ಹೋದೆ. ಅಂದರೆ ಆ ಸಾಲನ್ನು ಓದಿದ್ದೇನೆ. ಓದಿ, ಅಕ್ಷರ ಸರಿಯಾಗಿದೆಯೇ ಎಂದಷ್ಟೇ ನೋಡಿದ್ದೇನೆ.

ಆಮೇಲೆ ಒಂಬತ್ತು ವರ್ಷ ನಾನು ಬಿಟ್ಟವಳು ಎಂದೇ ಬದುಕಿದೆ. ರೇಷನ್ ಕಾರ್ಡಿಗೆ, ಮಗಳ ಸ್ಕೂಲಿಗೆ, ಬಾಡಿಗೆ ಮನೆಯ ಯಜಮಾನರಿಗೆ ಅದೇ ಕಾಗದದ ಜೆರಾಕ್ಸ್ ಕೊಟ್ಟೆ. ಯಾರೂ ಇದು ನಡೆಯುವುದಿಲ್ಲ ಎನ್ನಲಿಲ್ಲ. ಅಷ್ಟೇ ಅಲ್ಲ, ಆ ವರ್ಷಗಳಲ್ಲಿ ಅಂಗಡಿಗೆ ಬಂದ ಬೇರೆ ಹೆಂಗಸರಿಗೂ ಅಂಥವೇ ಪತ್ರಗಳನ್ನು ಟೈಪ್ ಮಾಡಿಕೊಟ್ಟೆ. ಅತ್ತರೆ ನೀರು ಕೊಟ್ಟೆ, ಎಲ್ಲ ಮುಗೀತು ಬಿಡಿ ಅಂತ ಧೈರ್ಯ ಹೇಳಿದೆ. ಈಗ ಅವರ ಮುಖಗಳು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಆ ಕಾಗದ ನಡೆಯುವುದಿಲ್ಲ ಎಂದು ಗೊತ್ತಾಗಿದ್ದು ಹೀಗೆ. ಮೂರ್ನಾಡಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬರು ತೀರಿಹೋದ ಹೆಂಡತಿಯ ಮರಣ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದೆ ಎಂದು ನಮ್ಮಲ್ಲಿ ಅಫಿಡವಿಟ್ ಮಾಡಿಸಲು ಬಂದರು. ಕುಶಾಲನಗರದಲ್ಲಿ ಅವರ ತಂಗಿಯ ಮನೆಯಿದೆ. ಮನೆಯಲ್ಲಿ ಅರೆಭಾಷೆ ಮಾತಾಡುವವರು, ಐವತ್ತರ ಹತ್ತಿರ, ಮಾತು ಬಹಳ ಕಡಿಮೆ. ಆ ಒಂದು ಹೆಸರಿಗೆ ನಾಲ್ಕು ಸಲ ಬಂದರು. ಕೆಲಸ ಮುಗಿದ ಮೇಲೆ ಐದನೇ ಸಲ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಂದರು. ಆರನೇ ಸಲ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ, ಕಾಗದವೂ ಇರಲಿಲ್ಲ. ಬೆಂಚಿನ ಮೇಲೆ ಸುಮ್ಮನೆ ಕೂತರು. ನನಗೆ ಅರ್ಥವಾಯಿತು, ಕಿವಿ ಬಿಸಿಯಾಯಿತು.

ಮದುವೆಯಾಗೋಣವೇ ಎಂದು ಅವರು ಕೇಳಿದ ಮೇಲೆ ಒಂದು ವರ್ಷ ಯೋಚನೆ ಮಾಡಿದೆ. ಮಗಳಿಗೆ ಆಗ ಹದಿನೈದು. ಅವಳಿಗೆ ಹೇಳಿದಾಗ, "ಒಳ್ಳೇವ್ರು ಅನ್ಸುತ್ತೆ. ಆದ್ರೆ ಅವ್ರು ಜಾಸ್ತಿ ಮಾತಾಡೋದೇ ಇಲ್ವಲ್ಲಮ್ಮ, ನೀನ್ ಹೆಂಗಿರ್ತೀಯ?" ಎಂದು ನಕ್ಕಳು. ಒಂದು ದಿನ ನಾನೂ ಅವರೂ ಮದುವೆ ನೋಂದಾಯಿಸುವುದು ಹೇಗೆ ಎಂದು ಕೇಳಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ದಿನಾ ನೋಡುವವರೇ. ಜಂಬದಿಂದ ನನ್ನ ಬಿಡುಗಡೆ ಪತ್ರವನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿ, "ಇದಲ್ಲ ಮೇಡಂ, ಕೋರ್ಟಿನ ಡಿಕ್ರಿ ಕೊಡಿ," ಎಂದರು.

"ಇದೇ ಸಾರ್ ಇರೋದು."

"ಇದು ನಡಿಯಲ್ಲ ಮೇಡಂ. ಕೋರ್ಟ್ ಬಿಡಿಸದೆ ಮದುವೆ ಬಿಡಲ್ಲ. ನಿಮಗೆ ಗೊತ್ತಿಲ್ವಾ, ದಿನಾ ಇದೇ ಕೆಲಸದಲ್ಲಿರೋರು," ಎಂದು ಕಾಗದವನ್ನು ನನ್ನ ಕಡೆ ಸರಿಸಿದರು. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ.

ಅಂಗಡಿಗೆ ಬಂದು ನಮ್ಮ ಬರಹಗಾರರ ಮೇಲೆ ಹರಿಹಾಯ್ದೆ. ಮೂವತ್ತು ವರ್ಷದಿಂದ ಇದೇ ಕಸುಬು ಮಾಡುತ್ತಿರುವ ಮನುಷ್ಯ, ಕನ್ನಡಕ ತೆಗೆದು ಒರೆಸುತ್ತಾ, "ನಾವು ಬರ್ಕೊಡೋರು ಕಣಮ್ಮ, ತೀರ್ಪು ಕೊಡೋರಲ್ಲ. ಕೇಳಿದ್ದನ್ನ ಬರ್ಕೊಡ್ತೀವಿ," ಎಂದರು. ಆ ದಿನ ಅವರ ಚಹಾಕ್ಕೂ ನಾನು ಕೈ ಚಾಚಲಿಲ್ಲ. ಕೆಲಸ ಬಿಟ್ಟುಬಿಡುತ್ತೇನೆ ಎಂದುಕೊಂಡೆ, ಬಿಡಲಿಲ್ಲ. ಮಗಳ ಪಿಯುಸಿ ಫೀಸು ಕಟ್ಟುವುದು ಬಾಕಿ ಇತ್ತು.

ಮೊದಲು ಊರಲ್ಲೇ ಒಬ್ಬ ವಕೀಲರನ್ನು ಕೇಳಿದೆ. ಅವರು ಬಾಗಿಲಲ್ಲಿ ನಿಂತೇ ಲೆಕ್ಕ ಹೇಳಿದರು. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಒಟ್ಟು ಇಷ್ಟು. ಒಬ್ಬರು ತಕರಾರು ಮಾಡಿದರೆ ಪ್ರತಿ ವಾಯಿದೆಗೆ ಇಷ್ಟು. ಎಷ್ಟು ವಾಯಿದೆ ಆಗಬಹುದು ಸಾರ್ ಎಂದರೆ, ಅದನ್ನ ಹೇಳೋಕೆ ನಾನು ಜ್ಯೋತಿಷಿ ಅಲ್ಲಮ್ಮ ಎಂದರು. ಮೊದಲನೆಯದೇ ನನ್ನ ನಾಲ್ಕು ತಿಂಗಳ ಸಂಬಳ. ಎರಡನೆಯದನ್ನು ಕೂಡಿಸಲು ಹೋಗಲಿಲ್ಲ.

ಮಡಿಕೇರಿಯ ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಇದೆ ಎಂಬುದು ನನಗೆ ತಿಳಿದಿತ್ತು. ಆದರೆ ಅದು ಬಡತನದ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಎಂದುಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಹೆಂಗಸರಾದರೆ ಆದಾಯ ಕೇಳುವುದಿಲ್ಲ, ಯಾರಿಗಾದರೂ ವಕೀಲರನ್ನು ಕೊಡುತ್ತಾರೆ. ನನಗೆ ಸಿಕ್ಕಿದ್ದು ನನಗಿಂತ ಚಿಕ್ಕ ವಯಸ್ಸಿನ ಹುಡುಗಿ, ಕರಿಕೋಟಿನ ತೋಳನ್ನು ಎರಡು ಮಡಿಕೆ ಮಡಚಿಕೊಂಡಿದ್ದಳು. ಇವಳೇನು ಮಾಡುತ್ತಾಳೆ ಎಂದುಕೊಂಡೆ. ಅವಳು ನನ್ನ ಬಿಡುಗಡೆ ಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೆ ಓದಿದಳು. ಹಾಗೆ ಪೂರ್ತಿ ಓದಿದ ಮೊದಲ ವ್ಯಕ್ತಿ ಅವಳೇ ಇರಬೇಕು ಎಂದು ಆಗ ನನಗನಿಸಿತು.

"ಇದನ್ನ ಯಾರು ಡ್ರಾಫ್ಟ್ ಮಾಡಿದ್ದು?" ಎಂದಳು.

"ನಾನೇ."

ಅವಳು ಕಾಗದವನ್ನು ಇಬ್ಬರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟಳು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ಗಂಡ ಒಪ್ಪಿದರೆ ಇಬ್ಬರೂ ಸೇರಿ ಅರ್ಜಿ ಹಾಕಬಹುದು, ತಿಂಗಳುಗಳಲ್ಲಿ ಮುಗಿಯುತ್ತದೆ, ಕೋರ್ಟ್ ಫೀಸು ಏನೂ ದೊಡ್ಡದಲ್ಲ. ಒಪ್ಪದಿದ್ದರೆ ಕಾರಣ ತೋರಿಸಿ ಕೇಸು ಹಾಕಬೇಕು, ಅದು ವರ್ಷಗಟ್ಟಲೆ. ಅವನು ನನ್ನನ್ನು ತೊರೆದ ಎಂದು ಹೇಳೋಣವೆಂದರೆ, 'ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿರುತ್ತೇವೆ' ಎಂದು ನಾನೇ ಟೈಪ್ ಮಾಡಿ ಸಹಿ ಹಾಕಿದ್ದೇನೆ. ಹಿಂಸೆ ಕೊಟ್ಟ ಎಂದು ಹೇಳೋಣವೆಂದರೆ, ಗಾಳಿಗೆ ಬಾಗಿಲು ಬಡಿಯಿತು ಎಂದು ಆಸ್ಪತ್ರೆಯ ಚೀಟಿಯಲ್ಲಿದೆ. ಅದನ್ನೂ ಹೇಳಿದವಳು ನಾನೇ.

"ಜಾತಿ ಪದ್ಧತಿ ಪ್ರಕಾರ ಬಿಡುಗಡೆ ಆಗಿದೆ ಅಂತ ವಾದ ಮಾಡೋ ದಾರಿ ಒಂದಿದೆ," ಎಂದಳು. "ತಲೆತಲಾಂತರದಿಂದ ನಿಮ್ಮವರಲ್ಲಿ ಹೀಗೇ ನಡೆದು ಬಂದಿದೆ ಅಂತ ಸಾಬೀತು ಮಾಡಬೇಕು, ಕಷ್ಟ. ಅದಕ್ಕಿಂತ ಮುಖ್ಯ, ಈ ಕಾಗದ ಸರಿ ಅಂತ ನಾವೇ ಎತ್ತಿ ಹಿಡಿದರೆ ನಾಲ್ಕನೇ ಷರತ್ತೂ ಸರಿ ಅಂತ ಅವರು ಹಿಡ್ಕೋತಾರೆ. ನಿಮ್ಮ ಯಜಮಾನ್ರ ಜಮೀನು ತಾತನ ಕಾಲದ್ದಾ?"

ಹೌದು ಎಂದೆ.

"ಹಾಗಾದ್ರೆ ಹುಟ್ಟಿದಾಗಿಂದ ನಿಮ್ಮ ಮಗಳಿಗೆ ಅದರಲ್ಲಿ ಪಾಲಿದೆ. ತಾಯಿ ಬರೆದ ಮಾತ್ರಕ್ಕೆ ಹೋಗಲ್ಲ. ಅಕ್ಕ, ಈ ಕಾಗದ ನಡಿಯಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನಡೆಯೋ ಹಾಗಿದ್ದಿದ್ರೆ ನಿಮ್ಮ ಮಗಳ ಪಾಲು ಬರೆದುಕೊಟ್ಟ ಹಾಗೆ ಆಗ್ತಿತ್ತು."

ಆಗ ಮೊದಲ ಸಲ ಆ ಸಾಲನ್ನು ಅರ್ಥಕ್ಕಾಗಿ ಓದಿದೆ. ಯಾರೂ ಕೇಳದಿದ್ದದ್ದನ್ನು, ಅವನ ತಾಯಿಯೂ ಬಾಯಿ ಬಿಟ್ಟು ಕೇಳದಿದ್ದದ್ದನ್ನು, ನಾನೇ ಬೆರಳು ಓಡಿಸಿ ಕೊಟ್ಟುಬಿಟ್ಟಿದ್ದೆ. ಮಡಿಕೇರಿಯಿಂದ ಬರುವಾಗ ಬಸ್ಸಿನಲ್ಲಿ ಮಗಳ ಮುಖ ಹೇಗೆ ನೋಡುವುದು ಎಂಬ ಯೋಚನೆಯೇ ಆಯಿತು. ಕೊನೆಗೆ ಅವಳಿಗೆ ಹೇಳಲೇ ಇಲ್ಲ. ಹೇಗೂ ಆ ಕಾಗದಕ್ಕೆ ಬೆಲೆಯಿಲ್ಲ, ಹೇಳಿ ಏನು ಮಾಡುವುದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಆ ಕಾಗದ ಬಟ್ಟೆಯ ಬೀರುವಿನಲ್ಲಿ, ಅವಳ ಮಾರ್ಕ್ಸ್ ಕಾರ್ಡುಗಳ ಕವರಿನಲ್ಲೇ ಇರುತ್ತಿತ್ತು. ಅಲ್ಲಿಗೇ ವಾಪಸ್ ಇಟ್ಟೆ.

ಅವನಿಗೆ ಒಪ್ಪಿಗೆಯ ಅರ್ಜಿ ಹಾಕೋಣ ಎಂದು ದೊಡ್ಡಪ್ಪನ ಕೈಲಿ ಹೇಳಿ ಕಳಿಸಿದೆ. ಅವನು ಮತ್ತೆ ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದ. ಕುಣಿದುಕೊಂಡು ಬರುತ್ತಾನೆ ಎಂದು ನಾನು ತಿಳಿದಿದ್ದೆ. ದೊಡ್ಡಪ್ಪ ಹೋಗಿ ಬಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಸೈನ್ ಹಾಕ್ತಾನಂತೆ ಮಗ. ಆದ್ರೆ ಮಗೀನ ಪಾಲು ಬೇಡ ಅಂತ ಬರ್ಕೊಡ್ಬೇಕಂತೆ. ರೋಡ್ ಪಕ್ಕದ್ ಗದ್ದೇನ ಲೇಔಟ್ ಮಾಡೋರು ಕೇಳ್ತಾವ್ರೆ. ವಂಶವೃಕ್ಷದಾಗೆ ಮಗೀನ ಹೆಸ್ರೈತೆ ಅಂತ ಅವ್ರು ತಕ್ಕೊಳ್ಳಾಕೆ ಹೆದರ್ತಾವ್ರೆ."

"ನೀವೇನಂದ್ರಿ ದೊಡ್ಡಪ್ಪ?"

"ನಾನೇನನ್ಲಿ. ಮುಂಚೇನೇ ಬರ್ಕೊಟ್ಟಿದ್ರಲ್ಲ, ಇನ್ನೊಂದ್ಸಲ ಬರ್ಕೊಡೋಕೇನು ಅಂತಾನೆ." ದೊಡ್ಡಪ್ಪ ನನ್ನ ಮುಖ ನೋಡದೆ ಹೇಳಿದರು. "ನಂಗೇನೂ ಅವಸರ ಇಲ್ಲ, ಬೇಕಾಗಿರೋದು ಅವ್ಳಿಗೆ ತಾನೆ ಅಂದ."

ಮಗಳು ಇನ್ನೂ ಮೈನರ್, ನೀವು ಅವಳ ಪರವಾಗಿ ಬಿಟ್ಟುಕೊಡಲು ಬರುವುದಿಲ್ಲ, ಕೋರ್ಟೂ ಒಪ್ಪುವುದಿಲ್ಲ ಎಂದಳು ವಕೀಲೆ. ಹಾಗಾದರೆ ಅವಳಿಗೆ ಹದಿನೆಂಟು ತುಂಬಲಿ, ಅವಳೇ ಸಹಿ ಹಾಕಲಿ, ಆಮೇಲೆ ನಾನು ಹಾಕುತ್ತೇನೆ ಎಂದು ಅವನು ಹೇಳಿ ಕಳಿಸಿದ. ಇಷ್ಟು ತಾಳ್ಮೆ ಅವನಿಗೆ ಎಲ್ಲಿಂದ ಬಂತೋ, ಒಂದು ಮಿಕ್ಸಿಗೆ ತಾಳಲಾರದವನಿಗೆ.

ಮೂರ್ನಾಡಿನವರಿಗೆ ಎಲ್ಲ ಹೇಳಿದೆ. ಅಂಗಡಿಯ ಮುಂದೆ ಸ್ಕೂಟರಿನ ಸೀಟು ಹಿಡಿದು ನಿಂತು ಕೇಳಿದರು. "ಅವಸರ ಎಂತ ಇಲ್ಲೆ ಮೇಡಂ," ಎಂದರು. ಅವರು ಈಗಲೂ ನನ್ನನ್ನು ಮೇಡಂ ಎಂದೇ ಕರೆಯುತ್ತಾರೆ. ಅವಸರ ಇಲ್ಲ ಎಂಬ ಮಾತು ಅವನ ಬಾಯಿಂದ ಬಂದಾಗ ಮೈ ಉರಿಸಿತ್ತು, ಇವರ ಬಾಯಿಂದ ಬಂದಾಗ ಅಳು ತರಿಸಿತು.

ಹಿಂಸೆಯ ಕಾರಣ ಕೊಟ್ಟು ಕೇಸು ಹಾಕಿದೆವು. ಅಲ್ಲಿಂದ ಶುರುವಾಯಿತು ನನ್ನ ಮಡಿಕೇರಿ ಯಾತ್ರೆ. ವಕೀಲೆ ಬಿಡಿಗಾಸು ತೆಗೆದುಕೊಳ್ಳಲಿಲ್ಲ, ಆದರೂ ಕೇಸು ಪುಕ್ಕಟೆಯಾಗಿ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾಯಿದೆಯ ದಿನ ಸಂಬಳ ಕಟ್, ಬಸ್ಸು, ಜೆರಾಕ್ಸು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಬಸ್ಸಿನ ತುಂಬಾ ಎಸ್ಟೇಟಿಗೆ ಹೋಗುವವರು, ಸುಂಟಿಕೊಪ್ಪದವರೆಗೆ ನಿಂತೇ ಹೋಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ದಿನ ನಾನು ತಲುಪುವಷ್ಟರಲ್ಲಿ ಹೆಸರು ಕೂಗಿ ಆಗಿತ್ತು. ಜಗಲಿಯ ಮೇಲೆ ಕೂತಿದ್ದ ಹಿರಿಯರಲ್ಲಿ ಒಬ್ಬರೂ ಸಾಕ್ಷಿಗೆ ಬರಲು ಒಪ್ಪಲಿಲ್ಲ. ನಿನ್ನ ಬೆರಳಿನ ವಿಷಯ ನಮಗೆಲ್ಲಿ ಗೊತ್ತು, ನಾವೇನು ನೋಡಿದ್ವಾ ಎಂದರು. ದೊಡ್ಡಪ್ಪ ಮಾತ್ರ, "ಬತ್ತೀನಿ ಮಗ, ಆದ್ರೆ ನಾನೂ ಕಂಡಿಲ್ವಲ್ಲ," ಎಂದರು. ಅವರ ಮೇಲೆ ನನಗೆ ಇದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ನ್ಯಾಯಾಧೀಶರು ನಮ್ಮನ್ನು ರಾಜಿ ಮಾತುಕತೆಗೆ ಕಳಿಸಿದರು. ಒಂದು ಸಲ ಅವನು ಬರಲಿಲ್ಲ, ಒಂದು ಸಲ ಅವನ ವಕೀಲರು ಬರಲಿಲ್ಲ. ಹೀಗೆ ತಳ್ಳಿಕೊಂಡು ಹೋಗುತ್ತಾ ಮಗಳಿಗೆ ಹದಿನೆಂಟು ತುಂಬಿತು. ಮುಂದಿನ ವಾಯಿದೆಗೆ ಮಗಳನ್ನೂ ಕರೆದುಕೊಂಡು ಬನ್ನಿ ಎಂದು ಅವನ ವಕೀಲರು ಕೇಳಿಕೊಂಡರು. ನಾನು ಬೇಡ ಎಂದೆ. ಮಗಳು, "ಬರ್ತೀನಿ, ಅದರಲ್ಲೇನಿದೆ," ಎಂದಳು.

ರಾಜಿ ಮಾಡಿಸುವ ಕೋಣೆಯಲ್ಲಿ ಒಂದು ದುಂಡು ಮೇಜು. ರಾಜಿ ಮಾಡಿಸುವವರು ತಲೆ ನರೆತ ಹಿರಿಯ ವಕೀಲರು, ಶಾಂತವಾಗಿ ಮಾತಾಡುತ್ತಿದ್ದರು. ಅವನಿಗೆ ಓದುವ ಕನ್ನಡಕ ಬಂದಿತ್ತು, ಹೊಟ್ಟೆಯೂ ಬಂದಿತ್ತು. ಮಗಳನ್ನು ನೋಡಿ, "ಊಟ ಆಯ್ತಾ?" ಎಂದ. ಅವಳು ಆಯಿತು ಎಂದಳು. ಅವನ ವಕೀಲರು ಮಗಳು ತನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರವನ್ನು ಟೈಪ್ ಮಾಡಿಸಿಯೇ ತಂದಿದ್ದರು. ಒಳ್ಳೆಯ ಟೈಪಿಂಗ್, ಒಂದೂ ತಪ್ಪಿರಲಿಲ್ಲ. ಇದಕ್ಕೆ ಹುಡುಗಿ ಸಹಿ ಮಾಡಿದರೆ ಈಗಿಂದೀಗಲೇ ಒಪ್ಪಿಗೆಯ ಅರ್ಜಿಗೆ ಇವರು ಸಹಿ ಮಾಡುತ್ತಾರೆ ಎಂದರು.

ಹಿರಿಯರು ಮಗಳ ಕಡೆ ತಿರುಗಿ, "ನೀನು ಈಗ ಮೇಜರ್ ಮಗು. ಯಾರ ಬಲವಂತಕ್ಕೂ ಒಪ್ಪಬೇಕಾಗಿಲ್ಲ. ನಿನ್ನ ಅಭಿಪ್ರಾಯ ಏನು?" ಎಂದು ಕೇಳಿದರು.

"ಹಾಕ್ತೀನಿ ಸಾರ್. ಪೆನ್ ಕೊಡಿ," ಎಂದಳು.

ನನಗೆ ಅರ್ಥವಾಗಲಿಲ್ಲ. ನಾವು ಮನೆಯಲ್ಲಿ ಹಾಗೆ ಮಾತಾಡಿಕೊಂಡಿರಲಿಲ್ಲ. "ಯಾಕೆ?" ಎಂದೆ.

"ನೀನು ಆಗಲೇ ಬರ್ಕೊಟ್ಟಿದ್ದೀಯಲ್ಲಮ್ಮ." ಅವಳ ದನಿಯಲ್ಲಿ ಕೋಪವಿರಲಿಲ್ಲ, ನನಗೆ ತಿಳಿಯದ ಸಂಗತಿಯನ್ನು ಮೆಲ್ಲಗೆ ತಿಳಿಸುವವಳ ಹಾಗೆ ಹೇಳಿದಳು. "ನಾನು ಏಳನೇ ಕ್ಲಾಸಲ್ಲೇ ಓದಿದ್ದೆ. ಮಾರ್ಕ್ಸ್ ಕಾರ್ಡ್ ಹುಡುಕ್ತಿದ್ದಾಗ ಬೀರುವಲ್ಲಿ ಸಿಕ್ತು. ನಂಗೆ ಅಲ್ಲಿ ಏನೂ ಇಲ್ಲ ಅಂತ ಅವತ್ತಿಂದಾನೇ ಗೊತ್ತು. ಈಗ ಇದನ್ನ ಬರ್ಕೊಟ್ರೆ ನಿಂಗೆ ಮದುವೆ ಆಗೋಕಾಗುತ್ತೆ ಅಂದ್ರೆ ಆಗ್ಲಿ ಬಿಡು."

ಏಳನೇ ಕ್ಲಾಸು. ಅಂದರೆ ಆಗ ಅವಳಿಗೆ ಹನ್ನೆರಡು ವರ್ಷ. ಆರು ವರ್ಷ ಅವಳು ಆ ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಮಾಡಿದ ಮುದ್ದೆ ಉಂಡಿದ್ದಾಳೆ, ನನ್ನ ಜೊತೆ ಮಲಗಿದ್ದಾಳೆ, ಹುಟ್ಟಿದಹಬ್ಬಕ್ಕೆ ನನಗೆ ಕಾರ್ಡು ಮಾಡಿಕೊಟ್ಟಿದ್ದಾಳೆ. ಅಮ್ಮ ನನ್ನನ್ನು ಬರೆದುಕೊಟ್ಟುಬಿಟ್ಟಳು ಎಂದು ತಿಳಿದೂ. ಆ ಕಾಗದವನ್ನು ಮೊದಲು ಪೂರ್ತಿ ಓದಿದವಳು ವಕೀಲೆಯಲ್ಲ. ನನಗೆ ನಾಚಿಕೆಯಲ್ಲಿ ಸತ್ತುಹೋಗಬೇಕು ಎನಿಸಿತು, ಇದನ್ನು ಉತ್ಪ್ರೇಕ್ಷೆಗೆ ಬರೆಯುತ್ತಿಲ್ಲ.

ಹಿರಿಯರು ಪೆನ್ನು ಕೊಡಲಿಲ್ಲ. ಅವನ ವಕೀಲರು ಕೊಟ್ಟರು. ಮಗಳ ಕೈಯಿಂದ ನಾನು ಅದನ್ನು ಕಿತ್ತುಕೊಂಡೆ. ಕಾನೂನಿನ ಪ್ರಕಾರ ಅವಳ ಸಹಿ ತಡೆಯುವ ಅಧಿಕಾರ ನನಗಿಲ್ಲ, ಅದು ಗೊತ್ತಿದ್ದೇ ಕಿತ್ತುಕೊಂಡೆ.

"ಆಗ ನಾನು ಅರ್ಥ ನೋಡದೆ ಬರೆದೆ," ಎಂದೆ ಅವಳಿಗೆ. "ಹಳೇ ಪತ್ರದಲ್ಲಿ ಇತ್ತು, ಹಾಗೇ ಹಾಕ್ದೆ. ಯಾರೂ ಕೇಳಿರ್ಲಿಲ್ಲ. ನಿನ್ನ ಪಾಲು ಅದರಿಂದ ಹೋಗಿಲ್ಲ, ಇವತ್ತಿಗೂ ಇದೆ. ನಿಂಗೆ ಬೇಡವಾದ್ರೆ ಬೇಡ. ಆದ್ರೆ ನನ್ನ ಮದುವೆಗೆ ಅಂತ ನೀನು ಸೈನ್ ಹಾಕೋದಾದ್ರೆ ಆ ಮದುವೇನೇ ನಂಗೆ ಬೇಡ."

ಆಮೇಲೆ ಹಿರಿಯರಿಗೆ, "ರಾಜಿ ಆಗಲ್ಲ ಸಾರ್," ಎಂದೆ.

ಅವನು ಕನ್ನಡಕ ತೆಗೆದು ಡಬ್ಬಿಗೆ ಹಾಕಿಕೊಂಡ. "ನಂಗೇನೂ ಅವಸರ ಇಲ್ಲ," ಎಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗಳು ಕಿಟಕಿಯ ಕಡೆ ಕೂತಳು. ಸುಂಟಿಕೊಪ್ಪ ದಾಟಿದ ಮೇಲೆ, "ಈಗ ಏನಾಗುತ್ತೆ?" ಎಂದಳು.

ಕೇಸು ನಡೆಯುತ್ತದೆ, ಆದರೆ ಬಾಗಿಲು ಎಳೆದದ್ದನ್ನು ನೋಡಿದವರು ಯಾರೂ ಇಲ್ಲ, ಆಸ್ಪತ್ರೆಯ ಚೀಟಿ ಬೇರೆ ನನಗೇ ತಿರುಗಿ ಬೀಳುತ್ತದೆ, ಬಿಡುಗಡೆ ಸಿಗದೆಯೂ ಹೋಗಬಹುದು ಎಂದೆ. ಮುಚ್ಚಿಟ್ಟದ್ದು ಸಾಕಾಗಿತ್ತು.

ಅವಳು ಕಿಟಕಿಯಿಂದ ತಿರುಗಲಿಲ್ಲ. "ನಾನು ನೋಡಿದೀನಿ," ಎಂದಳು.

"ಏನು?"

"ಬಾಗಿಲು. ನಾನು ಒಲೆ ಹತ್ರ ಕೂತಿದ್ದೆ, ಹಾಲು ಕುಡೀತಾ. ಅಪ್ಪ ನಿನ್ ಕೈ ಹಿಡ್ಕೊಂಡು ಅಲ್ಲಿ ಇಟ್ರು. ನೀನು ಡಾಕ್ಟ್ರಿಗೆ ಗಾಳಿ ಅಂದಾಗ್ಲೂ ನಾನು ಅಲ್ಲೇ ಇದ್ದೆ. ಅವತ್ತು ಗಾಳಿ ಇರ್ಲಿಲ್ಲ."

ನನ್ನ ಮಡಿಲಲ್ಲಿದ್ದ ಎಡಗೈಯನ್ನು ಸೆರಗಿನ ಒಳಗೆ ಎಳೆದುಕೊಂಡೆ. ಬಾಗಿಲು ಎಳೆದಾಗ ಅವಳು ಒಳಗೆ ಮಲಗಿದ್ದಳು ಎಂದು ಹನ್ನೆರಡು ವರ್ಷ ನಂಬಿಕೊಂಡಿದ್ದೆ. ಅವಳು ಮಲಗಿದ್ದಳು ಎಂದು ನಂಬಿಕೊಂಡದ್ದರಿಂದಲೇ ನನಗೆ ನಿದ್ದೆ ಬರುತ್ತಿತ್ತು.

ವಕೀಲೆಗೆ ಹೇಳಿದಾಗ ಅವಳು ನೆಟ್ಟಗೆ ಕೂತಳು. ಐದಾರು ವರ್ಷದ ಮಗು ನೋಡಿದ್ದು, ಎಷ್ಟು ನಂಬುತ್ತಾರೋ ಗೊತ್ತಿಲ್ಲ, ಆದರೆ ಕೇಳುತ್ತಾರೆ ಎಂದಳು. ಅಪ್ಪನ ಎದುರು ಕಟಕಟೆಯಲ್ಲಿ ನಿಂತು ಹೇಳಬೇಕು. ಆ ಕಡೆಯ ವಕೀಲರು ಅಮ್ಮ ಹೇಳಿಕೊಟ್ಟ ಪಾಠ ಎನ್ನುತ್ತಾರೆ, ಆಸ್ತಿಗೆ ಬಂದಿದ್ದಾಳೆ ಎನ್ನುತ್ತಾರೆ, ಅಳಿಸುವವರೆಗೂ ಬಿಡುವುದಿಲ್ಲ. ಕೇಸಿಗೆ ಎಷ್ಟು ಖರ್ಚಾಗುತ್ತದೆ ಎಂದು ಮೂರು ವರ್ಷ ಕಂಡಕಂಡವರನ್ನೆಲ್ಲ ಕೇಳಿದ್ದೆ. ಇದನ್ನು ಯಾರೂ ಹೇಳಿರಲಿಲ್ಲ. ಒಂದು ವಾರ ನಾನು ಬೇಡ ಎಂದೆ, ಮಗಳು ಹೇಳೇ ಹೇಳುತ್ತೇನೆ ಎಂದಳು. ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದೆವು. ಮೂರ್ನಾಡಿನವರಿಗೆ ಫೋನ್ ಮಾಡಿ, ಇನ್ನೂ ವರ್ಷಗಳಾಗಬಹುದು, ನಿಮ್ಮನ್ನು ಕಟ್ಟಿಹಾಕಲು ನನಗೆ ಇಷ್ಟವಿಲ್ಲ ಎಂದೆ. ಅದಕ್ಕೆ ಅವರು, ಮಗಳು ಸಾಕ್ಷಿ ಹೇಳುವ ದಿನ ಕೋರ್ಟಿನ ಹೊರಗೆ ತಾವು ನಿಂತಿರಬಹುದೇ ಎಂದು ಕೇಳಿದರು. ಇನ್ನೊಂದು ಮದುವೆಗಾಗಿಯೇ ಈ ಕೇಸು ಎನ್ನುತ್ತಾರೆ, ಅದು ನಮಗೇ ಮುಳುವಾಗುತ್ತದೆ, ಬರಬೇಡಿ ಎಂದೆ.

ಸಾಕ್ಷಿಗಳ ಪಟ್ಟಿಯನ್ನು ನೀವೇ ಟೈಪ್ ಮಾಡಿ ತನ್ನಿ ಎಂದಿದ್ದಳು ವಕೀಲೆ. ಶನಿವಾರ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೆ. ಬೇರೆ ಯಾರದೋ ಕೇಸಿನ ಸಾಕ್ಷಿ ಪಟ್ಟಿಯ ಹಳೆಯ ನಮೂನೆ ಕಂಪ್ಯೂಟರಿನಲ್ಲಿತ್ತು, ಅದನ್ನು ತೆರೆಯಲಿಲ್ಲ. ಖಾಲಿ ಹಾಳೆ ತೆರೆದು ತಲೆಬರಹ ಹೊಡೆದೆ. ಕೆಳಗೆ ಒಂದು ಎಂದು ಅಂಕಿ ಹಾಕಿ ಬೆರಳು ನಿಲ್ಲಿಸಿದೆ.

"ನಿನ್ ಹೆಸರು ಬರೀಲಾ?" ಎಂದು ಕೇಳಿದೆ.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಬರಿ," ಎಂದಳು. ನಾನು ಒಂದೊಂದೇ ಅಕ್ಷರ ಒತ್ತುತ್ತಿದ್ದಂತೆ ಅವಳು ಪರದೆಯ ಮೇಲೆ ಕಣ್ಣಿಟ್ಟು, ಕೊನೆಯ ಸಾಲಿನವರೆಗೂ ಓದುತ್ತಾ ಕೂತಿದ್ದಳು.